ಬೆಂಗಳೂರಿನಿಂದ ಬಳ್ಳಾರಿಗೆ ಬಂದ ಬೋವಾ: ಹಾವಿಗೆ ಐದು ಸ್ಟಾರ್, ಥರ್ಮೋಸ್ಟಾಟ್‌ಗೆ ಒಂದು

ಹಾವಿಗೆ ಐದಕ್ಕೆ ಐದು. ಮಾರಿದವರಿಗೆ ನಾಲ್ಕು. ಹಾವಿನ ಪೆಟ್ಟಿಗೆ ಜೊತೆ ಬಂದ, ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ಗೆ ಒಂದು, ಅದೂ ವೈರ್ ಉದ್ದ ಕೊಟ್ಟಿದ್ದಾರೆ ಅಂತ. ಅರ್ಜೆಂಟ್ ಇರುವವರಿಗೆ ಇಷ್ಟು ಸಾಕು. ಬಳ್ಳಾರಿ, ರಾಯಚೂರು ಕಡೆ ಕೂತು ಬೋವಾ ಅನ್ನುವ ಈ ವಿದೇಶಿ ಹಾವು ತರಬೇಕು ಅಂತಿರುವವರು ಮುಂದೆ ಓದಿ.

ನಾನು ಕೌಲ್ ಬಜಾರಿನಲ್ಲಿ ಮೋಟರ್ ರಿವೈಂಡಿಂಗ್ ಮಾಡುವವನು. ಸಿರುಗುಪ್ಪ, ಕುರುಗೋಡು ಕಡೆಯ ಸುಟ್ಟ ಪಂಪ್‌ಸೆಟ್‌ಗಳು ನಮ್ಮ ಅಂಗಡಿಗೆ ಬರುತ್ತವೆ. ಹಾವು ಸಾಕುವ ಆಸೆ ಬಾಯಿ ಬಿಟ್ಟು ಹೇಳಿದರೆ ಸಾಕು, ಗಿರಾಕಿಗಳು ಶುರು ಮಾಡುತ್ತಾರೆ. "ಅಣ್ಣಾ, ದುಡ್ಡು ಯಾಕ ಕೊಡ್ತಿ, ನಮ್ಮ ಹೊಲದಾಗ ಎರಡ್ ತಲಿ ಹಾವು ಬೇಕಾದಷ್ಟು ಅದಾವು." ಅವರು ಹೇಳುವುದು ಮಣ್ಣುಮುಕ್ಕ ಹಾವು. ಬೋವಾದ ದೂರದ ನೆಂಟ, ಸಾಧು ಪ್ರಾಣಿ. ಆದರೆ ಮಣ್ಣುಮುಕ್ಕ, ಹೆಬ್ಬಾವು, ನಾಗರ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಎರಡು ತಲೆ ಹಾವು ನಿಧಿ ತೋರಿಸುತ್ತೆ ಅಂತ ಲಕ್ಷಗಟ್ಟಲೆಗೆ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತೆ. ಆ ದಾರಿ ಬೇಡ.

ನಾನು ತಂದದ್ದು ಮಧ್ಯ ಅಮೆರಿಕ, ಕೊಲಂಬಿಯಾ ಕಡೆಯ ಬೋವಾ ಇಂಪೆರೇಟರ್. ಅಂಗಡಿಯವರು ಕೊಲಂಬಿಯನ್ ಬೋವಾ ಅಂತಾರೆ. ಇಲ್ಲೇ ಸಾಕಣೆಯಲ್ಲಿ ಹುಟ್ಟಿದ ಮರಿ. ಇದು ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿ, ಹಾಗಾಗಿ 2024ರಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮಾರುವವರ ಹೆಸರಿನಿಂದ ನಮ್ಮ ಹೆಸರಿಗೆ ವರ್ಗಾವಣೆಯೂ ಆಗಬೇಕು. "ಪೇಪರ್ ಎಲ್ಲ ಆಮೇಲೆ ನೋಡೋಣ ಸರ್" ಅನ್ನುವವರ ಹತ್ತಿರ ಹಾವನ್ನು ಮುಟ್ಟಲೂ ಹೋಗಬೇಡಿ.

ನನಗೆ ಮಾರಿದವರು ಬೆಂಗಳೂರಿನ ಹೊರವಲಯದಲ್ಲಿ ಮನೆಯ ಮೇಲಿನ ಮಹಡಿಯಲ್ಲಿ ಬ್ರೀಡಿಂಗ್ ಮಾಡುತ್ತಾರೆ. ನಾನು ಫೋನ್ ಮಾಡಿದ್ದು ಬೇಸಿಗೆಯಲ್ಲಿ. ದುಡ್ಡು ಹಾಕ್ತೀನಿ ಅಂದರೂ ತೆಗೆದುಕೊಳ್ಳಲಿಲ್ಲ. "ಮೇ ತಿಂಗಳಲ್ಲಿ ಬಳ್ಳಾರಿಗೆ ನಾನು ಹಾವು ಕೊಡಲ್ಲ ಸರ್. ಚಳಿಗಾಲಕ್ಕೆ ಬನ್ನಿ. ಅಷ್ಟರಲ್ಲಿ ಪೆಟ್ಟಿಗೆ ರೆಡಿ ಮಾಡಿ, ಅದರೊಳಗಿನ ಟೆಂಪರೇಚರ್ ಬರೆದು ಕಳಿಸಿ" ಅಂದರು. ಆಗ ಸಿಟ್ಟು ಬಂತು. ಆದರೆ ಅವರಿಗೆ ನಾನು ಕೊಟ್ಟ ನಾಲ್ಕು ಸ್ಟಾರಿನಲ್ಲಿ ಎರಡು ಈ ಮಾತಿಗೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ, ಕರೆಂಟ್ ಎಷ್ಟು ಹೊತ್ತು ಹೋಗುತ್ತೆ, ಹೆಣ್ಣಾದರೆ ಏಳೆಂಟು ಅಡಿ ಬೆಳೆಯುತ್ತೆ ಜಾಗ ಇದೆಯಾ, ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುತ್ತೆ ನೋಡಿಕೊಳ್ತೀರಾ ಅಂತ ಒಂದೊಂದಾಗಿ ಕೇಳಿದರು. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸಲ್ಲ ಬಿಡಿ.

ಡಿಸೆಂಬರಿನಲ್ಲಿ ಹೋದೆ. ಮರಿಗಳಿಗಿಂತ ಮೊದಲು ತಾಯಿಯನ್ನು ತೋರಿಸಿದರು. ಪೆಟ್ಟಿಗೆಯಿಂದ ಎತ್ತಿದರೂ ಅದು ಬುಸ್ ಅನ್ನಲಿಲ್ಲ. ಅವರ ತೋಳಿನ ಮೇಲೆ ನಿಧಾನಕ್ಕೆ ಹರಿದು ನಿಂತಿತು. ಆಮೇಲೆ ಎರಡು ಮರಿ ಹೊರಗೆ ತೆಗೆದರು. ಒಂದರ ಬಣ್ಣ ನೋಡಿದರೆ ಕಣ್ಣು ಕೀಳಲಾಗಲ್ಲ, ಅಷ್ಟು ಚೆಂದ. ಅದನ್ನು ಅಂಗೈ ಮೇಲೆ ಬಿಟ್ಟುಕೊಂಡೆ. ಕತ್ತನ್ನು ಇಂಗ್ಲಿಷಿನ ಎಸ್ ತರಹ ಹಿಂದಕ್ಕೆ ಮಡಚಿ, ಮೈ ಉಬ್ಬಿಸಿ ಉಸಿರು ಬಿಡುತ್ತಾ ಹಾಗೇ ಕೂತಿತು. ಎಷ್ಟು ಹೊತ್ತಾದರೂ ಸಡಿಲ ಬಿಡಲಿಲ್ಲ. ಇನ್ನೊಂದೂ ಮೊದಲು ಹಾಗೇ ಮಾಡಿತು. ಬೋವಾ ಮರಿಗಳಿಗೆ ಹೆದರಿಕೆ ಸಹಜ. ಕಾಡಿನಲ್ಲಿ ಅವನ್ನು ತಿನ್ನುವ ಪ್ರಾಣಿ ಬೇಕಾದಷ್ಟಿವೆ. ಆದರೆ ಸ್ವಲ್ಪ ಹೊತ್ತಿಗೆ ಅದರ ಕತ್ತು ನೆಟ್ಟಗಾಯಿತು. ನಾಲಿಗೆ ಸರಕ್ಕನೆ ಬಂದು ಹೋಗುವುದು ನಿಂತು ನಿಧಾನಕ್ಕೆ ಮೇಲೆ ಕೆಳಗೆ ಆಡತೊಡಗಿತು. ಬಾಲ ನನ್ನ ಕಿರುಬೆರಳಿಗೆ ಸುತ್ತಿಕೊಂಡಿತು. ನೋಡಬೇಕಾದ್ದು ಇದನ್ನೇ. ಹೆದರುತ್ತಾ ಇಲ್ಲವಾ ಅಂತಲ್ಲ, ಹೆದರಿದ ಮೇಲೆ ಎಷ್ಟು ಬೇಗ ಸಮಾಧಾನ ಆಗುತ್ತೆ ಅಂತ. ಎರಡನೆಯದನ್ನೇ ತಂದೆ. ಬಾಲದ ಕಡೆ ಶೇಂಗಾ ಬೀಜದ ಸಿಪ್ಪೆಯಂಥ ಕೆಂಪು. ಹೆಸರೂ ಶೇಂಗಾ ಅಂತಲೇ ಆಯಿತು.

ಸ್ವಭಾವದ ಜೊತೆ ಆರೋಗ್ಯವನ್ನೂ ನೋಡಬೇಕು. ಮೂಗಿನಲ್ಲಿ ಗುಳ್ಳೆ ಇರಬಾರದು. ಬಾಯಿ ಸರಿಯಾಗಿ ಮುಚ್ಚಬೇಕು. ಗದ್ದದ ಕೆಳಗೆ, ಕಣ್ಣಿನ ಸುತ್ತ ಓಡಾಡುವ ಕರಿ ಚುಕ್ಕೆ ಕಂಡರೆ ಅದು ಉಣ್ಣಿ ಜಾತಿಯ ಹುಳ. ಹಾವನ್ನು ಮೆಲ್ಲಗೆ ಬೆನ್ನ ಮೇಲೆ ತಿರುಗಿಸಿದರೆ ತಕ್ಷಣ ಸರಿಯಾಗಿ ಮಗುಚಿಕೊಳ್ಳಬೇಕು. ತಿರುಗಲು ಒದ್ದಾಡಿದರೆ, ಸುಮ್ನೆ ತಲೆ ಎತ್ತಿ ಆಕಾಶ ನೋಡುತ್ತಿದ್ದರೆ ಬಿಟ್ಟು ಬನ್ನಿ. ಬೋವಾಗಳಿಗೆ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಅಂತ ಒಂದು ವೈರಸ್ ಕಾಯಿಲೆ ಬರುತ್ತೆ, ಔಷಧಿ ಇಲ್ಲ, ಲಕ್ಷಣ ಹೀಗೂ ಇರುತ್ತೆ. ಅದಕ್ಕೆ ರಕ್ತ ಪರೀಕ್ಷೆ ಇದೆ. ಇವರು ತಂದೆ ತಾಯಿ ಹಾವಿಗೆ ಅದನ್ನು ಮಾಡಿಸಿರಲಿಲ್ಲ. ಜೊತೆಗೆ ವರ್ಗಾವಣೆ ಪೇಪರನ್ನು ನಾನು ಫೋನ್ ಮೇಲೆ ಫೋನ್ ಮಾಡುವವರೆಗೂ ಎಳೆದರು. ಒಂದು ಸ್ಟಾರ್ ಕಳೆದದ್ದು ಈ ಎರಡಕ್ಕೆ.

ಊಟದ ಲೆಕ್ಕ ಮಾತ್ರ ಪಕ್ಕಾ. ಯಾವ ತಾರೀಖು ಎಂಥಾ ಇಲಿ ತಿಂದಿತು, ಯಾವಾಗ ಪೊರೆ ಬಿಟ್ಟಿತು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಫ್ರೀಜರಿನ ಇಲಿಯನ್ನು ಕರಗಿಸಿ ಕೊಟ್ಟರೆ ತಾನೇ ಹಿಡಿದು ತಿನ್ನುವ ಮರಿಯನ್ನೇ ತನ್ನಿ. ಜೀವಂತ ಇಲಿಯೇ ಬೇಕು ಅನ್ನುವ ಹಾವು ತಂದರೆ ಕಷ್ಟ, ಇಲಿ ಕಚ್ಚಿ ಹಾವಿಗೇ ಗಾಯ ಮಾಡಬಹುದು. ಪ್ರಯಾಣಕ್ಕೆ ಮುಂಚೆ ಊಟ ಹಾಕಿರಲಿಲ್ಲ, ಅದೂ ಸರಿ. ಹೊಟ್ಟೆ ತುಂಬಿದ ಹಾವನ್ನು ಚಳ್ಳಕೆರೆ ರೋಡಿನಲ್ಲಿ ಕುಲುಕಿಸಿಕೊಂಡು ಬಂದರೆ ತಿಂದದ್ದನ್ನೆಲ್ಲ ಕಕ್ಕುತ್ತೆ.

ಈಗ ಥರ್ಮೋಸ್ಟಾಟ್ ವಿಷಯ. ಪಿವಿಸಿ ಪೆಟ್ಟಿಗೆ, ಕೆಳಗಿನಿಂದ ಬಿಸಿ ಕೊಡುವ ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಮೂರೂ ಸೇರಿದ ಸೆಟ್ಟನ್ನು ಆನ್‌ಲೈನ್‌ನಲ್ಲಿ ಬೇರೆ ಕಡೆಯಿಂದ ತರಿಸಿದ್ದೆ. ಪೆಟ್ಟಿಗೆ ಚೆನ್ನಾಗಿದೆ, ಬೀಗ ಗಟ್ಟಿ, ಗಾಜಿನ ಟ್ಯಾಂಕಿನಷ್ಟು ಬೇಗ ಒಳಗಿನ ತೇವ ಆರಲ್ಲ. ಥರ್ಮೋಸ್ಟಾಟ್ ಡಿಸ್ಪ್ಲೇ 32 ಡಿಗ್ರಿ ತೋರಿಸುತ್ತಿತ್ತು. ಮೋಟರ್ ಬೇರಿಂಗ್ ಬಿಸಿ ನೋಡುವ ಲೇಸರ್ ಗನ್ ಅಂಗಡಿಯಲ್ಲಿತ್ತಲ್ಲ, ಮ್ಯಾಟ್ ಮೇಲೆ ಹಿಡಿದರೆ 40 ದಾಟಿತ್ತು. ಕೆಳಗಿನ ಬಿಸಿ ಜಾಸ್ತಿ ಆದರೂ ಹಾವು ಎಷ್ಟೋ ಸಲ ಎದ್ದು ಹೋಗಲ್ಲ, ಅಲ್ಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತೆ. ಬಿಚ್ಚಿ ನೋಡಿದೆ. ಬಟಾಣಿ ಕಾಳಿನಷ್ಟು ಸೋಲ್ಡರ್ ಹಾಕಿ ಅಂಟಿಸಿದ ಅಗ್ಗದ ರಿಲೇ (ಕರೆಂಟ್ ಆನ್ ಆಫ್ ಮಾಡುವ ಸ್ವಿಚ್), ಪಾಯಿಂಟ್ ಆಗಲೇ ಕಪ್ಪಾಗಿತ್ತು. ಇಂಥ ರಿಲೇ ಒಂದು ದಿನ ಅಂಟಿಕೊಂಡೇ ಬಿಡುತ್ತೆ, ಮ್ಯಾಟ್ ಆಫ್ ಆಗೋದೇ ಇಲ್ಲ. ಪುಣ್ಯಕ್ಕೆ ಹಾವು ಇನ್ನೂ ಬೆಂಗಳೂರಿನಲ್ಲಿತ್ತು.

ಕಿತ್ತು ಹಾಕಿ, ಮೊಟ್ಟೆ ಮರಿ ಮಾಡುವ ಮಷಿನ್‌ಗೆ ಬಳಸುವ ಎಸ್‌ಟಿಸಿ-1000 ಅನ್ನುವ ಟೆಂಪರೇಚರ್ ಕಂಟ್ರೋಲರ್ ಎರಡು ತಂದೆ. ಒಂದರಲ್ಲೇ ಹೀಟಿಂಗ್, ಕೂಲಿಂಗ್ ಎರಡೂ ಔಟ್‌ಪುಟ್ ಇದೆ, ಎರಡು ಯಾಕೆ ಅಂತ ಕೇಳಬಹುದು. ಸೆನ್ಸರ್ ಒಂದೇ ಅಲ್ವಾ? ಪೆಟ್ಟಿಗೆಯ ಒಂದು ತುದಿ 31-32 ಇರಬೇಕು, ಇನ್ನೊಂದು ತುದಿ 26-27. ಹಾಗಾಗಿ ಒಂದರ ಸೆನ್ಸರ್ ಮ್ಯಾಟ್ ಹತ್ತಿರ, ಅದು ಮ್ಯಾಟ್ ನೋಡಿಕೊಳ್ಳುತ್ತೆ. ಇನ್ನೊಂದರ ಸೆನ್ಸರ್ ತಣ್ಣಗಿನ ತುದಿಯಲ್ಲಿ, ಅದು ಕೋಣೆಯ ಏರ್ ಕೂಲರ್ ನೋಡಿಕೊಳ್ಳುತ್ತೆ. ಸೆನ್ಸರ್ ವೈರಿಗೆ ಪೆಟ್ಟಿಗೆ ಒಳಗೆ ಟೇಪ್ ಮಾತ್ರ ಹಾಕಬೇಡಿ. ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಚರ್ಮ ಕಿತ್ತು ಬರುತ್ತೆ.

ಬೋವಾ ಸಾಕಣೆ ಬಗ್ಗೆ ವಿದೇಶದವರು ಹೇಳುವುದೆಲ್ಲ ಬಿಸಿ ಮಾಡುವ ಮಾತು. ನಮ್ಮೂರಲ್ಲಿ ಮ್ಯಾಟ್ ಕೆಲಸ ಇರೋದು ಡಿಸೆಂಬರ್, ಜನವರಿ ರಾತ್ರಿಗೆ. ಏಪ್ರಿಲ್‌ನಲ್ಲಿ ಹೊರಗೆ 40 ದಾಟಿದಾಗ ತಣ್ಣಗೆ ಇಡೋದೇ ದೊಡ್ಡ ಕೆಲಸ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಇಡಲೇಬೇಡಿ. ನಮ್ಮದು ಹಳೇ ಮಣ್ಣಿನ ಮಾಳಿಗೆ ಮನೆ, ಹಿಂದಿನ ಕೋಣೆಗೆ ಬಿಸಿಲು ಬೀಳಲ್ಲ. ಅಲ್ಲಿ ಕೂಲರ್ ಹಾಕಿದರೆ ತಂಪೂ ಆಗುತ್ತೆ, ಗಾಳಿಯಲ್ಲಿ ತೇವವೂ ಬರುತ್ತೆ. ಬೋವಾಗೆ ಬೇಕಾದ್ದು ಶೇಕಡಾ 60ರ ಹತ್ತಿರದ ತೇವ, ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಅದಿಲ್ಲದೆ ಪೊರೆ ತುಂಡು ತುಂಡಾಗಿ ಬಿಡುತ್ತೆ. ಹಾಗಂತ ಪೆಟ್ಟಿಗೆಯಲ್ಲಿ ಹಾಸುವ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಸದಾ ತೊಪ್ಪೆ ಮಾಡಿಟ್ಟರೆ ಹೊಟ್ಟೆಯ ಚರ್ಮ ಕೊಳೆಯುತ್ತೆ.

ಪಳಗಿಸುವುದು ಅಂತ ದೊಡ್ಡ ವಿದ್ಯೆ ಏನಿಲ್ಲ. ತಂದ ಮೇಲೆ ಎರಡು ಊಟ ಸರಿಯಾಗಿ ಮಾಡುವವರೆಗೂ ಮುಟ್ಟಬೇಡಿ ಅಂತ ಮಾರಿದವರು ಅಂದಿದ್ದರು. ಮನೆಗೆ ಬಂದವರೆಲ್ಲ "ತೋರಿಸಪ್ಪಾ" ಅಂದರೂ ಪೆಟ್ಟಿಗೆಗೆ ಬಟ್ಟೆ ಮುಚ್ಚಿಟ್ಟೆ. ಆಮೇಲೆ ಪೆಟ್ಟಿಗೆ ತೆಗೆದಾಗಲೆಲ್ಲ ಮೊದಲು ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ಸವರುತ್ತೇನೆ. ಕೊಕ್ಕೆ ಮುಟ್ಟಿದರೆ ಕೈ ಬರುತ್ತೆ, ಮುಟ್ಟದಿದ್ದರೆ ಊಟ. ಶೇಂಗಾ ಇದನ್ನು ಕಲಿತಿದೆ. ಈಗ ಕೊಕ್ಕೆ ತಾಗಿದ ಕೂಡಲೇ ಕತ್ತು ಇಳಿಸುತ್ತೆ. ಎತ್ತುವಾಗ ಮೇಲಿನಿಂದ ತಲೆ ಕಡೆ ಕೈ ಹಾಕದೆ ಪಕ್ಕದಿಂದ ನಡು ಮೈ ಕೆಳಗೆ ಕೈ ಕೊಡಬೇಕು. ಬಿಗಿಯಾಗಿ ಹಿಡಿಯಬಾರದು, ಅದೇ ನಿಮ್ಮನ್ನು ಹಿಡಿದುಕೊಳ್ಳುತ್ತೆ. ಊಟವಾದ ಎರಡು ದಿನ, ಪೊರೆ ಬಿಡುವ ಮುಂಚೆ ಕಣ್ಣು ಹಾಲಿನಂತೆ ಮಂಜಾದಾಗ ಸುಮ್ನೆ ಬಿಟ್ಟುಬಿಡಿ. ಇಲಿ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಹಾವಿನ ಹತ್ತಿರ ಹೋಗಬೇಡಿ. ಹಾವು ಮುಟ್ಟಿದ ಮೇಲೂ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾನಂತೂ ಬೋವಾ ಬೇಡ ಅಂತೀನಿ. ವಿಷ ಇಲ್ಲ, ನಿಜ. ಆದರೆ ಆರಡಿ ಬೆಳೆದ ಮೇಲೆ ಒಬ್ಬರೇ ಇದ್ದಾಗ ಎತ್ತಬಾರದು. ಸುತ್ತಿಕೊಂಡರೆ ಬಾಲದ ಕಡೆಯಿಂದ ಬಿಡಿಸಬೇಕು. ಅದು ಬೇಟೆಯನ್ನು ಕೊಲ್ಲುವುದು ಉಸಿರು ಕಟ್ಟಿಸಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ರಕ್ತ ಓಡಾಡುವುದನ್ನೇ ನಿಲ್ಲಿಸುತ್ತೆ ಅಂತ 2015ರಲ್ಲಿ ಸಂಶೋಧಕರು ಅಳೆದು ತೋರಿಸಿದ್ದಾರೆ.

ಅವ್ವನದು ಬೇರೆಯೇ ತಕರಾರು. "ನಾಗಪ್ಪನ್ನ ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನೋ? ಪಂಚಮಿಗೆ ಹುತ್ತಕ್ಕ ಹೋಗ್ಲೋ, ನಿನ್ನ ಡಬ್ಬಿ ಮುಂದ ಕೂಡ್ಲೋ?" ಹಾಲು ಎರೆಯಬೇಡ, ಹಾವು ಹಾಲು ಕುಡಿಯಲ್ಲ ಅಂದೆ. ಅದಕ್ಕೆ ಒಪ್ಪಿದಳು. ಫ್ರಿಜ್ಜಿನಲ್ಲಿ ಇಲಿ ಇಡುವುದಕ್ಕೆ ಒಪ್ಪಲಿಲ್ಲ, ಸರಿಯೇ. ಹಾಗಾಗಿ ಸಣ್ಣದೊಂದು ಸೆಕೆಂಡ್ ಹ್ಯಾಂಡ್ ಫ್ರೀಜರ್ ಅಂಗಡಿಯಲ್ಲಿದೆ. ಬೋವಾದ ರೇಟ್ ಕೇಳುವವರು ಪೆಟ್ಟಿಗೆ, ಕೂಲರ್, ಇನ್ವರ್ಟರ್ ಜೊತೆ ಈ ಫ್ರೀಜರಿನ ಖರ್ಚನ್ನೂ ಸೇರಿಸಿಕೊಳ್ಳಿ. ಹಾವಿಗಿಂತ ಇದೇ ಜಾಸ್ತಿ ಆಗುತ್ತೆ.