ಪೇಷೆಂಟ್ ಡೇಟಾ ರಿಸರ್ಚ್ ಟ್ರೈನಿಂಗ್ ಕೋರ್ಸ್: ಡೇಟಾಗೆ ಫುಲ್ ಮಾರ್ಕ್ಸ್, ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ಇಲ್ಲ
ಮೊದ್ಲೇ ಹೇಳ್ಬಿಡ್ತೀನಿ, ಬರೀ ಸರ್ಟಿಫಿಕೇಟ್‌ಗೋಸ್ಕರ ಸೇರೋ ಹಾಗಿದ್ರೆ ಈ ಕೋರ್ಸ್ ಬೇಡ. ಮೆಡಿಕಲ್, ನರ್ಸಿಂಗ್, ಬಯಾಲಜಿ, ಕಂಪ್ಯೂಟರ್ ಸೈನ್ಸ್ ಅಂತ ಬೇರೆಬೇರೆ ಕಡೆಯಿಂದ ಬಂದೋರನ್ನ ಒಂದೇ ಟೀಮಿಗೆ ಹಾಕಿ ನಿಜವಾದ ಪೇಷೆಂಟ್ ಡೇಟಾ ಕೈಗೆ ಕೊಟ್ಟು ಗುದ್ದಾಡ್ಕೊಳ್ಳಿ ಅಂತ ಬಿಟ್ಬಿಡ್ತಾರೆ.

ಡೇಟಾ ಯಾವ್ದು ಅಂದ್ರೆ ಮಿಮಿಕ್-3. ಬಾಸ್ಟನ್‌ನ ಒಂದು ದೊಡ್ಡ ಆಸ್ಪತ್ರೆ ಐಸಿಯುನಲ್ಲಿದ್ದ 40,000ಕ್ಕೂ ಹೆಚ್ಚು ಜನರ ರೆಕಾರ್ಡು, 2001ರಿಂದ 2012ರವರೆಗಿನದು. ಫ್ರೀನೇ, ಆದ್ರೆ ಮೊದ್ಲು ಎಥಿಕ್ಸ್ ಟ್ರೈನಿಂಗ್ ಮುಗಿಸಿ ಅಗ್ರಿಮೆಂಟ್ ಒಪ್ಕೊಂಡು ಅಪ್ರೂವಲ್ ಬರೋತನಕ ಕಾಯ್ಬೇಕು, ಇದನ್ನ ಸೇರೋಕ್ಮುಂಚೆನೇ ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತೋ ಗೊತ್ತಿಲ್ಲ.

ಕೋರ್ಸಿನ ಅಸಲಿ ಮಜಾ ಇರೋದು ಡೇಟಾ ಕ್ಲೀನಿಂಗಲ್ಲಿ. ನಮ್ ಟೀಮಿನ ಕೋಡಿಂಗ್ ಹುಡುಗ ವಯಸ್ಸಿನ ಗ್ರಾಫ್ ಹಾಕಿದ್ರೆ ಅದರಲ್ಲಿ 300 ವರ್ಷದ ಪೇಷೆಂಟ್‌ಗಳು! ಎರರ್ ಇರ್ಬೇಕು ಅಂತ ಅವನು ಆ ಸಾಲುಗಳನ್ನೆಲ್ಲ ಡಿಲೀಟ್ ಮಾಡೋಕೆ ಹೊರಟ, ನರ್ಸಿಂಗ್ ಓದಿದ್ದವಳು ತಡಿ ತಡಿ, ಇಲ್ಲಿ ತುಂಬಾ ವಯಸ್ಸಾದೋರು ಒಬ್ರೂ ಯಾಕೆ ಕಾಣ್ತಿಲ್ಲ ಅಂದ್ಲು. ಡಾಕ್ಯುಮೆಂಟೇಶನ್ ತೆಗೆದು ನೋಡಿದ್ರೆ, 89 ದಾಟಿದವರ ಗುರುತು ಸಿಗಬಾರ್ದು ಅಂತ ಬೇಕಂತಲೇ ವಯಸ್ಸನ್ನ 300ರ ಆಚೆಗೆ ತಳ್ಳಿದ್ದಾರೆ. ಅಳಿಸಿದ್ರೆ ಸಾಯೋ ರಿಸ್ಕ್ ಜಾಸ್ತಿ ಇರೋರೇ ಲೆಕ್ಕದಿಂದ ಮಾಯ ಆಗಿ, ಈ ಡೇಟಾದಿಂದ ಕಲಿತು ಊಹೆ ಮಾಡೋ ನಮ್ ಕಂಪ್ಯೂಟರ್ ಮಾಡೆಲ್ ಅರ್ಧಂಬರ್ಧ ಆಗ್ತಿತ್ತು. ಇಂಥದ್ದು ಒಬ್ಬನೇ ಕೂತು ವಿಡಿಯೋ ನೋಡಿದ್ರೆ ತಲೆಗೆ ಹೋಗಲ್ಲ ಬಿಡಿ.

ಪ್ರಾಜೆಕ್ಟ್ ರಿವ್ಯೂನೂ ಖಡಕ್ಕಾಗೇ ಮಾಡ್ತಾರೆ. ಒಂದೇ ಪೇಷೆಂಟ್ ಎರಡ್ಮೂರು ಸಲ ಅಡ್ಮಿಟ್ ಆಗಿರ್ತಾರಲ್ಲ, ಅವರ ಒಂದು ಅಡ್ಮಿಶನ್ ಟ್ರೈನಿಂಗ್ ಸೆಟ್ಟಲ್ಲಿ (ಮಾಡೆಲ್ ಕಲಿಯೋ ಡೇಟಾ), ಇನ್ನೊಂದು ಟೆಸ್ಟ್ ಸೆಟ್ಟಲ್ಲಿ (ಅದನ್ನ ಪರೀಕ್ಷೆ ಮಾಡೋ ಡೇಟಾ) ಬಂದ್ರೆ ಮೊದ್ಲೇ ನೋಡಿದ ಪೇಷೆಂಟೇ ಆಗಿರೋದ್ರಿಂದ ಅಕ್ಯುರೆಸಿ ಸುಳ್ಳುಸುಳ್ಳೇ ಏರುತ್ತೆ, ಇನ್ನೊಂದು ಟೀಮು ಜಂಬದಿಂದ ತೋರಿಸಿದ ರಿಸಲ್ಟ್ ಇದೇ ಕಾರಣಕ್ಕೆ ಎರಡೇ ಪ್ರಶ್ನೇಲಿ ಮಕಾಡೆ ಮಲಗ್ತು.

ಬೇಜಾರಾಗಿದ್ದು ಸ್ಟ್ಯಾಟಿಸ್ಟಿಕ್ಸ್ ಕ್ಲಾಸು. 20,000 ಜೀನ್ ಒಟ್ಟಿಗೆ ಟೆಸ್ಟ್ ಮಾಡಿ ಪಿ-ವ್ಯಾಲ್ಯೂಗೆ 0.05 ಕಟ್‌ಆಫ್ ಇಟ್ರೆ (ಅಂದ್ರೆ ಏನೂ ಇಲ್ದಿದ್ರೂ ನೂರಕ್ಕೆ ಐದು ಸಲ ಸುಳ್ಳು ಸಿಗ್ನಲ್ ಬರ್ಬಹುದು ಅಂತ ಒಪ್ಕೊಂಡ್ರೆ), ನಿಜವಾಗ್ಲೂ ಏನೂ ಇಲ್ದಿದ್ರೂ ಸುಮಾರು 1,000 ಜೀನ್ ಸಿಗ್ನಿಫಿಕೆಂಟ್, ಅಂದ್ರೆ ಏನೋ ಸಂಬಂಧ ಇದೆ ಅಂತ ಬಂದ್ಬಿಡುತ್ವೆ. ಇಷ್ಟು ಮುಖ್ಯವಾದ್ದನ್ನ ಎರಡು ಸ್ಲೈಡಲ್ಲಿ ಓಡಿಸಿಬಿಟ್ರು, ಬಯಾಲಜಿಯವರಂತೂ ಮುಖಮುಖ ನೋಡ್ಕೊಂಡು ಕೂತಿದ್ರು. ತಿಂಗಳ ಹೆಸರಿನ ಥರ ಕಾಣೋ ಜೀನ್ ಹೆಸರನ್ನ ಎಕ್ಸೆಲ್ ತಾರೀಕು ಮಾಡಿಬಿಡುತ್ತೆ ಅನ್ನೋ ಕಥೆಗೆ ಮಾತ್ರ ಬೇಕಾದಷ್ಟು ಟೈಮಿತ್ತು (2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ರಂತೆ, ಎಕ್ಸೆಲ್‌ಗೆ ಹೆದರಿ!).

ಸರ್ವರ್ ಸ್ಲೋ, ಅದರ ಬಗ್ಗೆ ಹೇಳೋಕೂ ಬೇಜಾರು. 5ಕ್ಕೆ 4 ಕೊಡ್ತೀನಿ. ಸೇರೋರು ಎಸ್‌ಕ್ಯುಎಲ್ (ಡೇಟಾಬೇಸಿಂದ ಬೇಕಾದ ಡೇಟಾ ತೆಗೆಯೋ ಭಾಷೆ) ಸ್ವಲ್ಪ ಕಲ್ತೇ ಹೋಗಿ, ಅಲ್ಲಿ ಯಾರೂ ಕೂರಿಸಿ ಹೇಳ್ಕೊಡಲ್ಲ.