ಶಿರಸಿಯ ‘ಫುಲ್ ಬಾಡಿ ಚೆಕಪ್’: ಬೀಡಿ ಸೇದುವವರಿಗೆ ಸಾಲದು

ಶಿರಸಿ ಪೇಟೆಯ ಈ ಲ್ಯಾಬಿನ ಪ್ಯಾಕೇಜಿನಲ್ಲಿ ಶುಗರ್, ಕೊಲೆಸ್ಟರಾಲ್, ಥೈರಾಯ್ಡ್ ಎಲ್ಲ ಇವೆ. ರಿಪೋರ್ಟ್ ಸಂಜೆಯೊಳಗೆ ಮೊಬೈಲಿಗೇ ಬರುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಮಾತ್ರ ಬೇರೆ ದುಡ್ಡು ಕೊಟ್ಟು ಮಾಡಿಸಬೇಕು. ವರ್ಷಗಟ್ಟಲೆ ಬೀಡಿ ಸೇದಿ, ಕೆಮ್ಮು ಬಿಡದೆ ಸೊರಗುತ್ತಿರುವವರಿಗೆ ಬೇಕಾದದ್ದೇ ಇವೆರಡು.

ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ರಕ್ತದಲ್ಲಿ, ಬೆರಳಲ್ಲಿ, ಹೀಗೆ ದೂರದಿಂದಲೂ ಸುಳಿವು ಕೊಡುತ್ತದೆ. ಸೋಡಿಯಂ 135ಕ್ಕಿಂತ ಇಳಿದು ಬೇರೆ ಕಾರಣ ಸಿಗದಿದ್ದರೆ ‘ಸ್ಮಾಲ್ ಸೆಲ್’ ಎಂಬ ಬಗೆಯ ಕ್ಯಾನ್ಸರಿನ ಅನುಮಾನ: ಗಡ್ಡೆಯೇ ಎಡಿಎಚ್ (ಮೂತ್ರ ಕಡಿಮೆ ಮಾಡುವ) ಹಾರ್ಮೋನ್ ಸುರಿಸಿ ಮೈಯಲ್ಲಿ ನೀರು ಹಿಡಿದಿಡುತ್ತದೆ, ಸೋಡಿಯಂ ತೆಳುವಾಗುತ್ತದೆ. (ಬಿಪಿಗೆ ಕೊಡುವ ಮೂತ್ರದ ಮಾತ್ರೆಯೂ ಸೋಡಿಯಂ ಇಳಿಸುತ್ತದೆ, ಮೊದಲು ಅದನ್ನು ವಿಚಾರಿಸಬೇಕು.) ಕ್ಯಾಲ್ಸಿಯಂ ಏರಿದ್ದರೆ ಅನುಮಾನ ಹೆಚ್ಚಾಗಿ ‘ಸ್ಕ್ವೇಮಸ್’ ಎಂಬ ಇನ್ನೊಂದು ಬಗೆಯ ಮೇಲೆ. ಲ್ಯಾಬ್ ಎಡವುವುದು ಇಲ್ಲೇ, ರಕ್ತದಲ್ಲಿ ಕ್ಯಾಲ್ಸಿಯಂ ಹೊರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಹೊಂದಿಸಿದ ಅಂಕಿ ರಿಪೋರ್ಟಿನಲ್ಲಿಲ್ಲ. ಆಲ್ಬುಮಿನ್ 4ಕ್ಕಿಂತ ಪ್ರತಿ 1 ಗ್ರಾಂ ಕಡಿಮೆಗೆ ಕ್ಯಾಲ್ಸಿಯಂಗೆ 0.8 ಕೂಡಿಸಬೇಕು. ಕ್ಯಾಲ್ಸಿಯಂ 10.0, ಆಲ್ಬುಮಿನ್ 2.5 ಇದ್ದರೆ ಲೆಕ್ಕ 11.2, ‘ನಾರ್ಮಲ್’ ಎಂದು ಅಚ್ಚಾದದ್ದು ನಾರ್ಮಲ್ ಅಲ್ಲ. ರಕ್ತ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರಂತೂ ಕ್ಯಾಲ್ಸಿಯಂ ಸುಳ್ಳೇ ಏರುತ್ತದೆ.

ಮತ್ತೊಂದು ಸುಳಿವು ಉಗುರಿನಲ್ಲಿ, ಅದನ್ನು ನೋಡಲು ಯಂತ್ರ ಬೇಡ. ಎರಡೂ ಕೈಯ ಒಂದೇ ಬೆರಳನ್ನು ಉಗುರಿಗೆ ಉಗುರು ತಾಗಿಸಿ ಹಿಡಿದಾಗ ಬುಡದಲ್ಲಿ ವಜ್ರಾಕಾರದ ಸಂದು ಕಾಣದಿದ್ದರೆ ಬೆರಳ ತುದಿ ಊದಿದೆ ಎಂದರ್ಥ. ಅದರೊಂದಿಗೆ ಮಣಿಕಟ್ಟು, ಕಣಕಾಲಿನ ನೋವೂ ಇದ್ದರೆ ಅಡಿನೊಕಾರ್ಸಿನೋಮಾ ಎಂಬ ಮೂರನೆಯ ಬಗೆಯ ಶ್ವಾಸಕೋಶದ ಕ್ಯಾನ್ಸರ್ ನೆನಪಾಗಬೇಕು. ಕ್ಯಾನ್ಸರಿನ ಬಗೆ ಖಚಿತವಾಗುವುದು ಬಯಾಪ್ಸಿಯಲ್ಲೇ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ).

ಸಮಯಪಾಲನೆಗೆ ನಾಲ್ಕು ಸ್ಟಾರ್, ಪರೀಕ್ಷೆಗಳ ಆಯ್ಕೆಗೆ ಎರಡು.