ಸುವೊನ್‌ನಲ್ಲಿ ಐದು ವರ್ಷ ಆಮದು ದನದ ಮಾಂಸ ಕೊಂಡ ಅನುಭವ

ದಕ್ಷಿಣ ಕೊರಿಯಾದ ಸುವೊನ್ ನಗರಕ್ಕೆ ಬಂದು ಐದು ವರ್ಷಗಳಾದವು. ಈ ಅವಧಿಯಲ್ಲಿ ತಿಂಗಳಿಗೆ ಎರಡು ಸಲವಾದರೂ ಆಮದು ದನದ ಮಾಂಸವನ್ನು ಕೊಂಡಿದ್ದೇನೆ. ದೊಡ್ಡ ಮಾರ್ಟ್, ಬೀದಿಯ ಮಾಂಸದಂಗಡಿ, ಹಲಾಲ್ ಅಂಗಡಿ, ಫೋನಿನ ಆ್ಯಪ್ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಮಂಗಳೂರಿನ ಕಥೋಲಿಕ ಮನೆಯಲ್ಲಿ ಬೆಳೆದ ನನಗೆ ಬೇಕಾಗಿದ್ದದ್ದು ಕಾವಲಿಯ ಮೇಲೆ ಸುಟ್ಟು ತಿನ್ನುವ ಸ್ಟೇಕ್ ಅಲ್ಲ; ಬಫಾತ್ ಎಂಬ ನಮ್ಮ ಮಸಾಲೆ ಪುಡಿ ಹಾಕಿ ನಿಧಾನವಾಗಿ ಬೇಯಿಸಿ, ಕೊನೆಗೆ ತೆಂಗಿನಕಾಯಿಯ ಚೂರುಗಳೊಂದಿಗೆ ಹುರಿದು ಸುಕ್ಕ ಮಾಡಲು ತಕ್ಕ ಮಾಂಸ. ಸ್ಟೇಕ್ ಪ್ರಿಯರು ನನ್ನ ತೀರ್ಪನ್ನು ಆ ಮಿತಿಯಲ್ಲೇ ಓದಿಕೊಳ್ಳಬೇಕು.

ಆಮದು ಮಾಂಸವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಬೆಲೆಯಲ್ಲಿದೆ. ಕೊರಿಯಾದ ಸ್ವದೇಶಿ ತಳಿಯಾದ ಹನ್ವು ಬಲು ರುಚಿಯಾದದ್ದು, ಅಷ್ಟೇ ದುಬಾರಿಯಾದದ್ದು. ಇಲ್ಲಿ ಮಾಂಸದ ಬೆಲೆಯನ್ನು 100 ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ಕಿಲೋ ಲೆಕ್ಕಕ್ಕೆ ಒಗ್ಗಿದ ನಮ್ಮವರು ಮೊದಲ ವಾರ ಮೋಸಹೋಗುವುದು ಇಲ್ಲಿಯೇ. ಎಲ್ಲಕ್ಕಿಂತ ಮೇಲಿನ 1++ ದರ್ಜೆಯ ಹನ್ವು ಬೆನ್ನಿನ ಮಾಂಸಕ್ಕೆ 100 ಗ್ರಾಂಗೆ 10,000 ವಾನ್ (ಕೊರಿಯಾದ ಹಣ) ದಾಟಿದ ಚೀಟಿಗಳನ್ನು ನಾನು ಹಲವು ಸಲ ನೋಡಿದ್ದೇನೆ. ಆಸ್ಟ್ರೇಲಿಯಾದ ಕಾಲಿನ ಮಾಂಸವನ್ನು 2,000ದಿಂದ 3,000 ವಾನ್ ಒಳಗೆ ಕೊಂಡಿದ್ದೇನೆ. ಅದಲ್ಲದೆ ಹನ್ವುವಿನ ಮೇಲಿನ ದರ್ಜೆಗಳನ್ನು ಮುಖ್ಯವಾಗಿ ನಿರ್ಣಯಿಸುವುದು ನಾರುಗಳ ನಡುವೆ ಹರಡಿದ ಕೊಬ್ಬು. ಅಂಥ ಮಾಂಸವನ್ನು ಕುಕ್ಕರಿಗೆ ಹಾಕಿದರೆ ಕೊಟ್ಟ ದುಡ್ಡೆಲ್ಲ ಎಣ್ಣೆಯಾಗಿ ಮೇಲೆ ತೇಲುತ್ತದೆ. ಒಮ್ಮೆ ಹಾಗೆ ಮಾಡಿ ಬುದ್ಧಿ ಕಲಿತೆ.

ಆಮದು ಮಾಂಸ ಬಹುಮಟ್ಟಿಗೆ ಎರಡು ದೇಶಗಳದ್ದು: ಅಮೆರಿಕ ಮತ್ತು ಆಸ್ಟ್ರೇಲಿಯಾ. 40 ಶೇಕಡಾ ಇದ್ದ ಆಮದು ಸುಂಕವು ಮುಕ್ತ ವ್ಯಾಪಾರ ಒಪ್ಪಂದದಂತೆ ಅಮೆರಿಕದ ಮಾಂಸಕ್ಕೆ 2012ರಿಂದ ವರ್ಷ ವರ್ಷ ಇಳಿದು 2026ಕ್ಕೆ ಸೊನ್ನೆಯಾಗುವಂತೆಯೂ, 2014ರ ಕೊನೆಯಲ್ಲಿ ಜಾರಿಗೆ ಬಂದ ಇನ್ನೊಂದು ಒಪ್ಪಂದದಂತೆ ಆಸ್ಟ್ರೇಲಿಯಾದ ಮಾಂಸಕ್ಕೆ 2028ಕ್ಕೆ ಸೊನ್ನೆಯಾಗುವಂತೆಯೂ ಏರ್ಪಾಡಾಗಿದೆ. ಆದರೂ ಅಂಗಡಿಯ ಬೆಲೆ ಇಳಿದದ್ದು ನನ್ನ ಅನುಭವಕ್ಕೆ ಬಂದಿಲ್ಲ. ಸುಂಕ ಇಳಿದಷ್ಟನ್ನೂ ವಾನ್‌ನ ವಿನಿಮಯ ದರ ನುಂಗಿಹಾಕುತ್ತದೆಯೆಂದು ನನ್ನ ಗುಮಾನಿ.

ಚೀಟಿಯ ಮೇಲೆ ದೇಶದ ಹೆಸರು ಎದ್ದು ಕಾಣುವಂತಿರುವುದಕ್ಕೆ ಒಂದು ಇತಿಹಾಸವಿದೆ. ಹುಚ್ಚು ಹಸು ರೋಗದ ಕಾರಣ 2003ರಲ್ಲಿ ನಿಂತಿದ್ದ ಅಮೆರಿಕದ ಮಾಂಸದ ಆಮದನ್ನು ಪೂರ್ಣವಾಗಿ ತೆರೆಯಲು ಸರ್ಕಾರ ಹೊರಟಾಗ, 2008ರಲ್ಲಿ ಸೋಲ್ ನಗರದ ಬೀದಿಗಳಲ್ಲಿ ಮೇಣದಬತ್ತಿ ಹಿಡಿದ ಜನರ ಬೃಹತ್ ಪ್ರತಿಭಟನೆಗಳು ನಡೆದವು. ಕೊನೆಗೆ 30 ತಿಂಗಳೊಳಗಿನ ಜಾನುವಾರುಗಳ ಮಾಂಸಕ್ಕೆ ಮಾತ್ರ ಒಪ್ಪಿಗೆ ದೊರೆಯಿತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇಂದಿಗೂ ಆಸ್ಟ್ರೇಲಿಯಾದ್ದನ್ನು ಬಿಟ್ಟು ಬೇರೆ ಆಮದು ಮಾಂಸವನ್ನು ಮುಟ್ಟುವುದಿಲ್ಲ. ನನಗೆ ಅಂಥ ಭಯವಿಲ್ಲ. ಪೊಟ್ಟಣದ ಮೇಲಿನ 12 ಅಂಕಿಗಳ ಸಂಖ್ಯೆಯನ್ನು ಸರ್ಕಾರದ ಆ್ಯಪ್‌ನಲ್ಲಿ ಹಾಕಿದರೆ ಮಾಂಸ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಭಾಷೆ ಬಾರದವರು ಕಲಿಯಲೇಬೇಕಾದ ಪದಗಳು ಕೆಲವೇ. ಹೊಜುಸಾನ್ ಎಂದರೆ ಆಸ್ಟ್ರೇಲಿಯಾದ್ದು, ಮಿಗುಕ್‌ಸಾನ್ ಎಂದರೆ ಅಮೆರಿಕದ್ದು. ನೆಂಗ್‌ಜಾಂಗ್ ಎಂದರೆ ತಣ್ಣಗಿಟ್ಟದ್ದು, ನೆಂಗ್‌ದೊಂಗ್ ಎಂದರೆ ಹೆಪ್ಪುಗಟ್ಟಿಸಿದ್ದು. ಇವೆಲ್ಲಕ್ಕಿಂತ ಮೊದಲು ಸೊಗೊಗಿ, ಅಂದರೆ ದನದ ಮಾಂಸ, ಎಂಬ ಪದವನ್ನು ಗುರುತಿಸಲು ಕಲಿಯಿರಿ. ಬಂದ ಹೊಸದರಲ್ಲಿ ‘ಕರಿಗಾಗಿ’, ಅಂದರೆ ಮಸಾಲೆಯ ಪದಾರ್ಥಕ್ಕಾಗಿ, ಎಂದು ಬರೆದಿದ್ದ, ಚೌಕಾಕಾರದ ಚೂರುಗಳ ಪೊಟ್ಟಣವೊಂದನ್ನು ಹಿಗ್ಗಿನಿಂದ ತಂದೆ. ಮಸಾಲೆ ಅರೆದು ಬೇಯಿಸಿದ ಮೇಲೆ ಅದು ಹಂದಿಮಾಂಸವೆಂದು ಗೊತ್ತಾಯಿತು. ನನಗೇನೋ ಬಾಧಕವಿರಲಿಲ್ಲ, ಆದರೆ ಆ ರಾತ್ರಿ ಊಟಕ್ಕೆ ಕರೆದಿದ್ದ ಉಳ್ಳಾಲದ ಮುಸ್ಲಿಂ ಗೆಳೆಯನಿಗೆ ಮೊಟ್ಟೆಯ ಪದಾರ್ಥ ಮಾಡಿ ಬಡಿಸಬೇಕಾಯಿತು.

ನನ್ನ ಆಯ್ಕೆ ಒಂದೇ: ತಣ್ಣಗಿಟ್ಟ ಆಸ್ಟ್ರೇಲಿಯಾದ ‘ಸಾತೆ’, ಅಂದರೆ ಕಾಲಿನ ಮಾಂಸ. ಕೊರಿಯನ್ನರು ಇದನ್ನು ಸಾರಿಗೂ ಸೋಯಾ ರಸದಲ್ಲಿ ಬೇಯಿಸುವ ಚಾಂಗ್‌ಜೊರಿಮ್‌ಗೂ ಬಳಸುತ್ತಾರೆ. ನಡುನಡುವೆ ನರಗಳಿರುವ ಈ ಮಾಂಸವು ಊರಿನಿಂದ ತಂದ ಕುಕ್ಕರಿನಲ್ಲಿ ಆರೇಳು ಸೀಟಿಗೆ ಮೆತ್ತಗಾಗಿ, ನರಗಳೆಲ್ಲ ಅಂಟಾಗಿ ಕರಗಿ, ಮಸಾಲೆಯನ್ನು ಹಿಡಿದುಕೊಳ್ಳುತ್ತದೆ. ಮಾರ್ಟ್‌ನಲ್ಲಿ ಇದು ಸಣ್ಣ ಚೂರುಗಳಾಗಿ ಸಿಗುತ್ತದೆ, ಹುರಿಯುವಾಗ ಪುಡಿಯಾಗುತ್ತದೆ. ಹಾಗಾಗಿ ಬೀದಿಯ ಮಾಂಸದಂಗಡಿಯೇ ಮೇಲು. ಅಂಗಡಿಯವರನ್ನು ‘ಸಾಜಾಂಗ್‌ನಿಮ್’, ಅಂದರೆ ಯಜಮಾನರೇ, ಎಂದು ಗೌರವದಿಂದ ಕರೆದು, ಬೆರಳಿನಿಂದ ಅಳತೆ ತೋರಿಸಿದರೆ ಬೇಕಾದ ಗಾತ್ರಕ್ಕೆ ಕತ್ತರಿಸಿ ಕೊಡುತ್ತಾರೆ. ಈಗ ನನ್ನನ್ನು ಕಂಡೊಡನೆ ಆ ಅಂಗಡಿಯ ಹೆಂಗಸು ಕೇಳದೆಯೇ ದೊಡ್ಡ ಕತ್ತಿಯನ್ನು ಎತ್ತಿಕೊಳ್ಳುತ್ತಾರೆ.

ಗಾಳಿ ತೆಗೆದು ಮುಚ್ಚಿದ ನಿರ್ವಾತ ಪೊಟ್ಟಣದ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಬಿಡಿಸಿದೊಡನೆ ಮಾಂಸ ಕಂದು ನೇರಳೆ ಬಣ್ಣದಲ್ಲಿರುತ್ತದೆ, ತುಸು ಹುಳಿ ವಾಸನೆಯೂ ಬರುತ್ತದೆ. ಗಾಳಿ ತಾಕಿದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಬಣ್ಣ ಕೆಂಪಾಗುತ್ತದೆ, ವಾಸನೆ ಹೋಗುತ್ತದೆ. ಹೋಗದಿದ್ದರೆ, ಅಥವಾ ಮುಟ್ಟಿದಾಗ ಲೋಳೆಯಂತಿದ್ದರೆ, ಕೆಟ್ಟಿದೆ ಎಂದರ್ಥ. ಇದು ತಿಳಿಯದೆ ಮೊದಲ ವರ್ಷ ಒಂದೂವರೆ ಕಿಲೋ ಒಳ್ಳೆಯ ಮಾಂಸವನ್ನು ಕಸಕ್ಕೆ ಹಾಕಿದೆ.

ಹೆಪ್ಪುಗಟ್ಟಿಸಿದ ಮಾಂಸ ಅಗ್ಗ. ಆದರೆ ಕರಗುವಾಗ ನೀರು ಬಿಡುವುದರಿಂದ ಸುಕ್ಕವು ಹುರಿಯುವುದಕ್ಕೆ ಬದಲು ಬೇಯುತ್ತದೆ, ತೆಂಗು ಕಂದು ಬಣ್ಣಕ್ಕೆ ತಿರುಗುವುದೇ ಇಲ್ಲ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು, ಬೆಳಿಗ್ಗೆ ಕಾಗದದ ಟವೆಲ್‌ನಿಂದ ಒತ್ತಿ ರಕ್ತ ತೆಗೆದರೆ ಪರವಾಗಿಲ್ಲ. ಹಲಾಲ್ ಮಾಂಸ ಬೇಕಾದವರಿಗೆ ಹೆಚ್ಚಾಗಿ ದೊರೆಯುವುದು ಈ ಬಗೆಯದೇ. ನನ್ನ ಉಳ್ಳಾಲದ ಗೆಳೆಯ ಅದಕ್ಕಾಗಿ ಸೋಲ್‌ನ ಇತೆವೊನ್‌ನಲ್ಲಿ, 1976ರಲ್ಲಿ ತೆರೆದ ಕೇಂದ್ರ ಮಸೀದಿಯ ಸುತ್ತಲಿನ ಅಂಗಡಿಗಳಿಗೆ ಹೋಗಿ ಒಮ್ಮೆಲೇ ಐದು ಕಿಲೋ ತರುತ್ತಾನೆ.

ಮುಂಜಾನೆ ಬಾಗಿಲಿಗೆ ತಲುಪಿಸುವ ಆ್ಯಪ್ ಸೇವೆಯ ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. ರಾತ್ರಿ ಬೇಡಿಕೆ ಸಲ್ಲಿಸಿದರೆ ಏಳು ಗಂಟೆಯೊಳಗೆ ಮಾಂಸ ತಣ್ಣಗೆ ಬಂದು ಕೂತಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಷ್ಟವಿರುವುದು ಖಾತೆ ತೆರೆಯುವಲ್ಲಿ. ವಿದೇಶಿಗರ ಗುರುತಿನ ಚೀಟಿಯಲ್ಲಿರುವ ಹೆಸರು ಮತ್ತು ಮೊಬೈಲ್ ಕಂಪನಿಯ ದಾಖಲೆಯ ಹೆಸರು ಒಂದು ಖಾಲಿ ಜಾಗದಷ್ಟೂ ಬೇರೆಯಾಗಿರಬಾರದು. ಮೂರು ಭಾಗಗಳಿರುವ ನನ್ನ ಹೆಸರನ್ನು ಸರಿಹೊಂದಿಸಲು ಎರಡು ವಾರ ಹಿಡಿಯಿತು. ಒಮ್ಮೆ ಪೊಟ್ಟಣ ಒಡೆದು ರಕ್ತ ಸೋರಿತ್ತು. ಫೋಟೋ ಕಳಿಸಿದ ಮೇಲೆ ಹಣ ಮರಳಿತಾದರೂ ಕೊರಿಯನ್ ಭಾಷೆಯಲ್ಲಿ ನಡೆದ ಮಾತುಕತೆಗೆ ಸಹೋದ್ಯೋಗಿಯ ನೆರವು ಬೇಕಾಯಿತು.

ಐದು ನಕ್ಷತ್ರಗಳಲ್ಲಿ ಬೀದಿಯ ಅಂಗಡಿಯ ತಣ್ಣಗಿನ ಸಾತೆಗೆ ನಾಲ್ಕೂವರೆ, ಆ್ಯಪ್ ಸೇವೆಗೆ ಮೂರು. ಸಾತೆಗೆ ಅರ್ಧ ನಕ್ಷತ್ರ ಕಡಿಮೆ ಕೊಟ್ಟದ್ದು ಎಲುಬಿಗಾಗಿ: ಎಲುಬು ಸೇರಿಸಿ ಕೊಚ್ಚಿದ ಆಮದು ಮಾಂಸವನ್ನು ಬೇಕೆಂದು ಐದು ವರ್ಷದಿಂದ ಕೇಳುತ್ತಿದ್ದೇನೆ, ಸಾಜಾಂಗ್‌ನಿಮ್ ಪ್ರತಿ ಸಲವೂ ನಕ್ಕು ಪಕ್ಕೆಲುಬನ್ನು ತೋರಿಸುತ್ತಾರೆ.